ನನ್ನ ಚಿತ್ರ ತೆಗ್ದುಹಾಕಿ, ಅದನ್ನ ನಂಗೇ ಮಾರಕ್ಕೆ ಬಂದವ್ರಿಗೆ ಒಂದು ದೂರು

ಗೆ,
ಕಾಪಿರೈಟ್ ಟೀಮ್, ಯೂಸರ್ ಸಪೋರ್ಟ್ ಟೀಮ್, ಇನ್ನೂ ಯಾವ್ಯಾವ ಟೀಮ್ ಇದ್ಯೋ ಅವ್ರೆಲ್ರಿಗೂ

ವಿಷಯ: ಗೇಮ್ ಚಿತ್ರ ಹಂಚೋ ಮಾರೋ ನಿಮ್ಮ ಸೈಟಿಂದ ನನ್ನ ಸ್ಪ್ರೈಟ್ ಪ್ಯಾಕ್ (ಗೇಮ್ ಪಾತ್ರದ ಪಿಕ್ಸೆಲ್ ಚಿತ್ರಗಳ ಕಟ್ಟು) ತೆಗ್ದು, ಅದನ್ನ ಕದ್ದವ್ರ ಪ್ಯಾಕ್ ಉಳಿಸ್ಕೊಂಡಿರೋ ಬಗ್ಗೆ. ಟಿಕೆಟ್ ನಂಬರ್ ಹಾಕಿಲ್ಲ, ಏಳು ಇದಾವೆ, ಏಳನ್ನೂ 'ಪರಿಹರಿಸಲಾಗಿದೆ' ಅಂತ ನೀವೇ ಮುಚ್ಚಿದೀರ, ಯಾವ್ದು ಬೇಕೋ ತೆಗ್ದು ನೋಡ್ಕೊಳ್ಳಿ.

ನಮಸ್ಕಾರ,

ಸಿಟ್ಟಲ್ಲಿ ಬರೀಬಾರ್ದು ಅಂತ ಎರಡು ದಿನ ಸುಮ್ನಿದ್ದೆ. ಮೊನ್ನೆ ನಿಮ್ಮಿಂದ ಒಂದು ಮೇಲ್ ಬಂತು, 'ನಿಮಗೆ ಇಷ್ಟವಾಗಬಹುದಾದ ಹೊಸ ಪ್ಯಾಕ್' ಅಂತ. ತೆಗ್ದು ನೋಡಿದ್ರೆ ನಾನೇ ಬರ್ದಿರೋ ಕಾವಲುಗಾರ, ನಾನೇ ಬರ್ದಿರೋ ಲಾಂದ್ರ ಹಿಡ್ಕೊಂಡು, ನೀಲಿ ಮೇಲಂಗಿ ಹಾಕ್ಕೊಂಡು ನಡೀತಿದಾನೆ, ಕೆಳಗೆ 'ಈಗಲೇ ಕೊಳ್ಳಿ' ಅಂತ ಬಟನ್. ಹೌದು, ಇಷ್ಟ ಆಯ್ತು. ಇಷ್ಟ ಆಗದೆ ಏನು, ಐದು ತಿಂಗಳು ರಾತ್ರಿ ಕೂತು ಬರ್ದಿದ್ದು ನಾನೇ ಅಲ್ವಾ. ನನ್ನ ರುಚಿ ಇಷ್ಟು ಸರಿಯಾಗಿ ಗೊತ್ತಿರೋ ನಿಮ್ಮ ಸಿಸ್ಟಮ್‌ಗೆ ಅದನ್ನ ಬರ್ದವ್ರು ಯಾರು ಅಂತ ಮಾತ್ರ ಗೊತ್ತಿಲ್ಲ ನೋಡಿ.

ಆ ಕಾವಲುಗಾರ ನಾನು ಅಭಿಮಾನಿಯಾಗಿರೋ ಒಂದು ಗೇಮಲ್ಲಿ ಎರಡೇ ಫ್ರೇಮ್ (ಒಂದರ ಹಿಂದೊಂದು ತೋರ್ಸಿದ್ರೆ ಚಲಿಸಿದ ಹಾಗೆ ಕಾಣೋ ಚಿತ್ರ) ಇರೋ ಪಾತ್ರ, ಬಾಗಿಲ ಹತ್ರ ನಿಂತಿರ್ತಾನೆ, ಕಣ್ಣು ಮುಚ್ಚಿ ತೆಗೀತಾನೆ, ಅಷ್ಟೇ. ನಡೆಯಲ್ಲ, ತಿರುಗಲ್ಲ, ಬೆನ್ನು ಹೇಗಿದೆ ಅಂತಾನೂ ಯಾರಿಗೂ ಗೊತ್ತಿಲ್ಲ. ಅವನನ್ನ ನಡೆಸ್ಬೇಕು ಅಂತ ನಂಗೆ ಹುಚ್ಚು. 32 × 32 ಪಿಕ್ಸೆಲ್ ಚೌಕದೊಳಗೆ ನಾಲ್ಕು ದಿಕ್ಕು, ದಿಕ್ಕಿಗೆ ಎಂಟು ಫ್ರೇಮ್, ಬರೀ ನಡಿಗೆಗೇ 32 ಫ್ರೇಮ್ ಆಯ್ತು. ಹಳೇ ಸೂಪರ್ ನಿಂಟೆಂಡೊ ಗೇಮ್ ಯಂತ್ರದಲ್ಲಿ ಒಂದು ಸ್ಪ್ರೈಟ್ ಪ್ಯಾಲೆಟ್‌ಗೆ, ಅಂದ್ರೆ ಬಣ್ಣದ ಪಟ್ಟಿಗೆ, 16 ಜಾಗ, ಅದ್ರಲ್ಲಿ ಒಂದು ಪಾರದರ್ಶಕಕ್ಕೆ ಹೋದ್ರೆ ಉಳಿಯೋದು 15 ಬಣ್ಣ, ನಾನೂ ಆ 15ರಲ್ಲೇ ಮುಗಿಸ್ಬೇಕು ಅಂತ ಹಟ ಹಿಡ್ದೆ, ಯಾರೂ ಕೇಳಿರ್ಲಿಲ್ಲ ಬಿಡಿ. ಈ ಸೈಜಲ್ಲಿ ಒಂದು ಪಿಕ್ಸೆಲ್ ಆಚೆ ಈಚೆ ಆದ್ರೆ ಮನುಷ್ಯ ಕುಂಟ್ತಾನೆ. ಈ ಕುಂಟೋ ವಿಷಯ ನೆನಪಿಟ್ಕೊಳ್ಳಿ, ಮುಂದೆ ಬೇಕಾಗತ್ತೆ.

ಪ್ಯಾಕ್ ಜೊತೆ ಒಂದು ಕ್ರೆಡಿಟ್ ಫೈಲ್ ಇತ್ತು. ಪಾತ್ರ ಗೇಮ್ ಕಂಪನಿಯದು, ಮೂಲ ಸ್ಪ್ರೈಟ್ ಶೀಟ್ (ಪಾತ್ರದ ಚಿತ್ರಗಳನ್ನೆಲ್ಲಾ ಜೋಡಿಸಿದ ಹಾಳೆ) ಗೇಮ್ ಫೈಲಿಂದ ಹೊರಗೆ ತೆಗ್ದವ್ರು ಇಂಥವ್ರು, ಲಾಂದ್ರದ ಬೆಳಕಿಗೆ ಬಣ್ಣ ಸೂಚಿಸಿದವ್ರು ಇಂಥವ್ರು, ನಡಿಗೆ ಬರ್ದಿದ್ದು ನಾನು, ಯಾರು ಬೇಕಾದ್ರೂ ಬಳಸಿ, ಬದಲಾಯ್ಸಿ, ಹೆಸರುಗಳನ್ನ ಉಳಿಸಿ, ಮಾರ್ಬೇಡಿ. ಇಷ್ಟೇ. ಶೀಟ್ ತೆಗ್ದವ್ರ ಹೆಸರು ಯಾಕೆ ಹಾಕ್ಬೇಕು, ಅವ್ರೇನು ಬರೆದ್ರಾ ಅಂತ ಕೇಳೋರಿದಾರೆ. ಚಿತ್ರಗಳು ಗೇಮ್ ಒಳಗೆ ಅಂದವಾಗಿ ಜೋಡಿಸಿಟ್ಟಿರಲ್ಲ ಸ್ವಾಮಿ, 8 × 8 ತುಂಡುಗಳಾಗಿ ಚೆಲ್ಲಾಪಿಲ್ಲಿ ಬಿದ್ದಿರ್ತಾವೆ, ಬಣ್ಣದ ಪಟ್ಟಿ ಬೇರೆ ಎಲ್ಲೋ ಇರತ್ತೆ, ಎಲ್ಲಾ ಹುಡುಕಿ ಹೊಂದಿಸ್ಬೇಕು. ನಾನೂ ಶುರುವಲ್ಲಿ ಒಂದು ಸಲ ಹೆಸರು ಹಾಕದೇ ಎಡಿಟ್ ಹಾಕಿದ್ದೆ, ಸುಳ್ಳು ಯಾಕೆ ಹೇಳ್ಲಿ. ಆ ಶೀಟ್ ಜೋಡಿಸಿದವ್ರು ಮೆಸೇಜ್ ಮಾಡಿ 'ಇದಕ್ಕೆ ನಂಗೆ ಮೂರು ವಾರ ಹಿಡೀತು, ಹೆಸರು ಹಾಕ್ತೀರಾ' ಅಂದ್ರು. ನಾಚಿಕೆಯಾಯ್ತು, ಆಗ್ಲೇ ಹಾಕ್ದೆ, ಮುಗೀತು. ಟಿಕೆಟ್ಟೂ ಬೇಕಾಗ್ಲಿಲ್ಲ, ನೀವೂ ಬೇಕಾಗ್ಲಿಲ್ಲ.

ಈಗ ನಿಮ್ಮ ಪ್ರೀತಿಯ ಮಾರಾಟಗಾರರ ವಿಷಯ. ಕ್ರೆಡಿಟ್ ಫೈಲ್ ಡಿಲೀಟ್ ಮಾಡಿದ್ರು, ಕೆಂಪು ಮೇಲಂಗಿನ ನೀಲಿ ಮಾಡಿದ್ರು, ಬೆಲೆ ಹಾಕಿದ್ರು, ವಿವರಣೆಯಲ್ಲಿ 'ಕ್ರೆಡಿಟ್ಸ್ ಟು ದ ರೈಟ್‌ಫುಲ್ ಓನರ್' ಅಂತ ಒಂದು ಸಾಲು ಹಾಕಿದ್ರು. ಯಾರಪ್ಪಾ ಆ ಓನರ್ರು, ಅವ್ರಿಗೊಂದು ಹೆಸರಿಲ್ವಾ? ಆಮೇಲೆ ಯಾರೋ ಅವ್ರ ಪೇಜಲ್ಲಿ 'ಇದು ಇಂಥವ್ರದು ಅಲ್ವಾ' ಅಂತ ಕೇಳಿದಾರೆ. ಕೇಳಿದ ಎರಡನೇ ದಿನಕ್ಕೆ ನನ್ನ ಮೇಲೆ ಕಾಪಿರೈಟ್ ದೂರು, ಮೂರನೇ ದಿನಕ್ಕೆ ನನ್ನ ಪ್ಯಾಕ್ ಮಾಯ.

ಯಾಕೆ ಅಂತ ಕೇಳಿದ್ದಕ್ಕೆ ನಿಮ್ಮವ್ರು ಕೊಟ್ಟ ಕಾರಣ 'ನಿಮ್ಮ ಫೈಲ್ ದಿನಾಂಕ ನಂತರದ್ದು'. ನಂತರದ್ದೇ, ಯಾಕಂದ್ರೆ ನಾನು ಅಪ್‌ಡೇಟ್ ಮಾಡಿದ್ದೆ, ಅಪ್‌ಡೇಟ್ ಮಾಡಿದ ತಕ್ಷಣ ನಿಮ್ಮ ಸಿಸ್ಟಮ್ ಹಳೇ ದಿನಾಂಕ ಅಳಿಸಿ ಹೊಸದು ಹಾಕತ್ತೆ. ಅಪ್‌ಡೇಟ್ ಯಾಕೆ ಮಾಡಿದೆ? ಎಡಕ್ಕೆ ನಡೆಯೋ ಮೂರನೇ ಫ್ರೇಮಲ್ಲಿ ಪಾದ ಒಂದು ಪಿಕ್ಸೆಲ್ ಮುಂದೆ ಚಾಚಿತ್ತು, ಅವ್ನು ಕುಂಟ್ತಿದ್ದ, ಅದನ್ನ ಸರಿ ಮಾಡಿದೆ. ಮಾರಾಟಗಾರರ ನೀಲಿ ಕಾವಲುಗಾರ ಇವತ್ತಿಗೂ ಎಡಕ್ಕೆ ಹೋಗುವಾಗ ಕುಂಟ್ತಾನೆ. ಹೋಗಿ ನೋಡಿ, ಪ್ರಿವ್ಯೂನಲ್ಲೇ ಕಾಣತ್ತೆ. ನಂದು ಅವ್ರಿಂದ ಕದ್ದಿದ್ದಾದ್ರೆ ನಾನು ಕದ್ದು, ಅವ್ರಿಗೇ ಕಾಣದ ತಪ್ಪು ಹುಡುಕಿ, ರಿಪೇರಿ ಮಾಡಿ, ಪುಕ್ಕಟೆ ಹಂಚಿದೆ ಅಂತಾಯ್ತು. ಅಂಥ ಕಳ್ಳಿ ನಿಮಗೆ ಎಲ್ಲಿ ಸಿಗ್ತಾಳೆ?

ಇದನ್ನೆಲ್ಲಾ ನಿಮ್ಮ ಲೈವ್ ಚಾಟ್‌ನಲ್ಲಿ ಹೇಳಿದೆ. ಆ ಚಾಟ್ ನಿಮ್ಮ ಹತ್ರ ಇರತ್ತೆ, ಆದ್ರೂ ಬರೀತೀನಿ, ಯಾಕಂದ್ರೆ ಅದನ್ನ ಯಾರೂ ಓದಿಲ್ಲ ಅಂತ ನಂಗೆ ಗ್ಯಾರಂಟಿ. ಮೊದಲು 19 ನಿಮಿಷ ಕಾಯಿಸಿದ್ರು. ಆಮೇಲೆ 'ಡಿಯರ್ ಯೂಸರ್, ಹೇಗೆ ಸಹಾಯ ಮಾಡ್ಲಿ ಸರ್'. ಸರ್ ಅಲ್ಲ, ಮೇಡಂ ಅಂದೆ. 'ಖಂಡಿತ ಸರ್, ಇದನ್ನ ನೀವೇ ಬರ್ದಿದ್ದು ಅನ್ನೋಕೆ ಸಾಕ್ಷಿ ಇದ್ಯಾ?' ಇದೆ ಅಂತ ಲೇಯರ್ ಇರೋ ಮೂಲ ಫೈಲ್ ಕಳಿಸ್ದೆ, 41 ಲೇಯರ್, ಪೆನ್ಸಿಲ್ ಗೆರೆಯಿಂದ ಹಿಡಿದು ಎಲ್ಲಾ. 'ಸರ್, ಈ ಫೈಲ್ ನಮ್ಮಲ್ಲಿ ತೆರೆಯಲ್ಲ, ಸ್ಕ್ರೀನ್‌ಶಾಟ್ ಕಳಿಸಿ.' ಕಳಿಸ್ದೆ. 'ಸರ್, ಸ್ಕ್ರೀನ್‌ಶಾಟನ್ನ ಯಾರು ಬೇಕಾದ್ರೂ ಎಡಿಟ್ ಮಾಡ್ಬಹುದು, ಮೂಲ ಫೈಲ್ ಇದ್ಯಾ?' ನಾನು ಸ್ವಲ್ಪ ಹೊತ್ತು ಕೀಬೋರ್ಡ್ ಮುಟ್ಲಿಲ್ಲ. ಅಷ್ಟಕ್ಕೆ 'ಸರ್, ನೀವು ಇನ್ನೂ ಇದೀರಾ, ಎರಡು ನಿಮಿಷದಲ್ಲಿ ಚಾಟ್ ಮುಚ್ಚತ್ತೆ' ಅಂತ ಬಂತು.

ಇದೀನಿ ಅಂದೆ. ಕುಂಟೋ ಪಾದದ ಕಥೆ ಹೇಳ್ದೆ, ಎರಡೂ ಫ್ರೇಮ್ ಎಂಟು ಪಟ್ಟು ದೊಡ್ಡದು ಮಾಡಿ, ಆ ಪಿಕ್ಸೆಲ್ ಸುತ್ತ ಬಾಣದ ಗುರುತು ಹಾಕಿ ಕಳಿಸ್ದೆ. ಉತ್ತರ: 'ಸರ್, ಎರಡು ಚಿತ್ರಗಳ ಬಣ್ಣ ಬೇರೆ ಇದೆ, ಹಾಗಾಗಿ ಅದು ಬೇರೆ ಕೃತಿ.' ಬೇರೆ ಕೃತಿ ಆದ್ರೆ ನಂದನ್ನ ಯಾಕೆ ತೆಗೆದ್ರಿ ಅಂತ ಕೇಳಿದೆ. 'ಸರ್, ಎರಡೂ ಒಂದೇ ರೀತಿ ಇರೋದ್ರಿಂದ.' ನಾನು ಉತ್ಪ್ರೇಕ್ಷೆ ಮಾಡ್ತಿಲ್ಲ, ಎರಡು ಸಾಲಿಗೂ ಮಧ್ಯ ಒಂದು ನಿಮಿಷ ಕೂಡ ಇರ್ಲಿಲ್ಲ.

1985ರ ಸೂಪರ್ ಮಾರಿಯೋ ಬ್ರದರ್ಸ್‌ನಲ್ಲಿ ಮೇಲಿರೋ ಮೋಡನೂ ಕೆಳಗಿರೋ ಪೊದೆನೂ ಒಂದೇ ಚಿತ್ರ, ಒಂದಕ್ಕೆ ಬಿಳಿ ಇನ್ನೊಂದಕ್ಕೆ ಹಸಿರು, ಇದು ಗೇಮ್ ಆಡೋ ಮಕ್ಕಳಿಗೂ ಗೊತ್ತು. ಗೇಮ್ ಚಿತ್ರಗಳನ್ನೇ ಹಂಚೋ ಮಾರೋ ವ್ಯಾಪಾರ ಮಾಡ್ತಾ ನಿಮಗೆ ಪ್ಯಾಲೆಟ್ ಬದಲಾವಣೆ ಅಂದ್ರೆ ಏನು ಅಂತ ಗೊತ್ತಿಲ್ಲ ಅಂದ್ರೆ ನಾನು ನಂಬಲ್ಲ. ನಿಮ್ಮ ನಿಯಮ 4.3ರಲ್ಲೇ ಬರ್ದಿದೀರ, 'ಬಣ್ಣ, ಗಾತ್ರ ಮಾತ್ರ ಬದಲಾಯಿಸಿದ ಮರುಹಂಚಿಕೆ ಸಲ್ಲದು' ಅಂತ, ನಾನು ಓದಿ ಹೇಳ್ಬೇಕಾಗಿರ್ಲಿಲ್ಲ. ಹೇಳ್ದೆ. ಆಗ ಬಂತು ನೋಡಿ ಬ್ರಹ್ಮಾಸ್ತ್ರ:

'ಸರ್, ಈ ಗೇಮ್ ನಿಮ್ಮದಾ?'
'ಅಲ್ಲ.'
'ಹಾಗಾದ್ರೆ ಪಾತ್ರ ನಿಮ್ಮದಲ್ಲ, ನೀವು ಹಕ್ಕುದಾರರಲ್ಲ.'
'ಸರಿ. ದೂರು ಕೊಟ್ಟವ್ರು ಹಕ್ಕುದಾರರಾ?'
'ಸರ್, ಬೇರೆ ಯೂಸರ್ ಮಾಹಿತಿ ಕೊಡಕ್ಕೆ ಬರಲ್ಲ, ಪ್ರೈವಸಿ.'

ಆಮೇಲೆ 'ನನ್ನ ಸೇವೆಗೆ ಎಷ್ಟು ಸ್ಟಾರ್ ಕೊಡ್ತೀರಿ' ಅಂತ ಕೇಳಿ ಚಾಟ್ ಮುಚ್ಚಿದ್ರು. ಆ ವ್ಯಕ್ತಿ ಮೇಲೆ ನಂಗೆ ಸಿಟ್ಟಿಲ್ಲ, ಒಟ್ಟಿಗೆ ಆರು ಚಾಟ್ ನೋಡ್ಕೊಳ್ತಿರ್ತಾರೇನೋ ಪಾಪ. ಕೂತು ಆ ಉತ್ತರಗಳನ್ನ ಬರೆದುಕೊಟ್ಟವ್ರು ಯಾರೋ ಇದಾರಲ್ಲ, ಅವ್ರಿಗೆ ಈ ಪತ್ರ.

ಪ್ರೈವಸಿ ಅಂದ್ರಲ್ಲ, ಅದಕ್ಕೆ ಬರ್ತೀನಿ. ನೀವು ಪಾಲಿಸ್ತೀವಿ ಅನ್ನೋ 1998ರ ಡಿಎಂಸಿಎ ಅನ್ನೋ ಅಮೆರಿಕದ ಕಾಪಿರೈಟ್ ಕಾನೂನಲ್ಲಿ ದೂರು ಕೊಡೋರು, ನಾನು ಹಕ್ಕುದಾರರ ಪರವಾಗಿ ಮಾತಾಡೋ ಅಧಿಕಾರ ಇರೋನು ಅಂತ ಹೇಳ್ಬೇಕು, ಸುಳ್ಳಾದ್ರೆ ಸುಳ್ಳು ಪ್ರಮಾಣದ ಶಿಕ್ಷೆಗೆ ಒಪ್ಪಿ ಹೇಳ್ಬೇಕು. ಇವ್ರು ಯಾರ ಪರವಾಗಿ ಹೇಳಿದ್ರು? ಗೇಮ್ ಕಂಪನಿಯ ಪರವಾಗಾ? ನೀವು ಕೇಳಿದ್ರಾ? ನಾನು ಎದುರು ನೋಟಿಸ್ (ಆ ದೂರು ತಪ್ಪು ಅನ್ನೋ ಉತ್ತರ) ಕಳಿಸ್ದೆ, ಅದಕ್ಕೆ ನನ್ನ ನಿಜ ಹೆಸರು, ಮನೆ ವಿಳಾಸ, ಫೋನ್ ನಂಬರ್ ಎಲ್ಲಾ ಕೊಡ್ಬೇಕು, ಕೊಟ್ಟೆ, ನೀವು ಅದರ ಪ್ರತಿನ ದೂರುದಾರರಿಗೆ ಕಳಿಸಿದ್ರಿ. ಕಾನೂನೇ ಹಾಗಿದೆ, ಒಪ್ತೀನಿ. ಅಂದ್ರೆ ಈಗ ಕದ್ದವ್ರಿಗೆ ನನ್ನ ಮನೆ ಬಾಗಿಲು ಗೊತ್ತು, ನಂಗೆ ಅವ್ರ ಹೆಸರಿನ ಮೊದಲಕ್ಷರಾನೂ ಗೊತ್ತಿಲ್ಲ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ವೀರಭದ್ರ. ಅದೇ ಕಾನೂನಲ್ಲಿ ಇನ್ನೊಂದೂ ಇದೆ, ದೂರುದಾರರು ಕೋರ್ಟಿಗೆ ಹೋಗದಿದ್ರೆ 10ರಿಂದ 14 ಕೆಲಸದ ದಿನದೊಳಗೆ ನನ್ನ ಪ್ಯಾಕ್ ವಾಪಸ್ ಹಾಕ್ಬೇಕು. ಇವತ್ತಿಗೆ 26 ಆಯ್ತು. ವಿಳಾಸ ಕಳಿಸೋದು ಮಾತ್ರ ಅದೇ ದಿನ ಆಗಿತ್ತು, ಆ ಚುರುಕಿಗೆ ಬೇಕಾದ್ರೆ ಸ್ಟಾರ್ ಕೊಡ್ತೀನಿ.

ಇದು ಬರೀ ನನ್ನ ಹೆಸರಿನ ಪ್ರಶ್ನೆ ಅಂದ್ಕೊಂಡಿದ್ರೆ ಅದೂ ತಪ್ಪು. ಈ ಗೇಮ್ ಕಂಪನಿ ಅಭಿಮಾನಿಗಳಿಗೆ ಒಂದು ಮಾತು ಹೇಳಿದೆ, ಬರ್ಕೊಳ್ಳಿ, ಹಂಚ್ಕೊಳ್ಳಿ, ದುಡ್ಡು ಮಾಡ್ಬೇಡಿ ಅಂತ. ನಾವೆಲ್ಲಾ ಆ ಒಂದು ಮಾತಿನ ನೆರಳಲ್ಲಿ ಬದುಕ್ತಿದೀವಿ. ಒಂದು ಕಾಸೂ ಮುಟ್ಟದೆ ಪುಕ್ಕಟೆ ಬಿಟ್ಟ ಎಎಂ2ಆರ್ ಅನ್ನೋ ಗೇಮನ್ನೇ (ನಿಂಟೆಂಡೊದ ಮೆಟ್ರಾಯ್ಡ್ ಗೇಮ್ ಮೇಲೆ ಅಭಿಮಾನಿ ಮಾಡಿದ್ದು) 2016ರ ಆಗಸ್ಟಲ್ಲಿ ನಿಂಟೆಂಡೊ ಕಡೆಯಿಂದ ನೋಟಿಸ್ ಬಂದು ಡೌನ್‌ಲೋಡ್ ಲಿಂಕ್‌ಗಳಿಂದ ಕೆಳಗಿಳಿಸಿದ್ರು. ಪುಕ್ಕಟೆ ಇದ್ದಿದ್ದಕ್ಕೇ ಹಾಗಾದ್ರೆ, ಬೆಲೆ ಚೀಟಿ ಅಂಟಿಸಿ ಮಾರೋದನ್ನ ನೋಡಿದ ಕಂಪನಿ ಸುಮ್ನಿರತ್ತಾ? ಒಬ್ರು ಮಾರಿದ್ದಕ್ಕೆ ನೂರು ಜನದ ಪುಕ್ಕಟೆ ಕೆಲಸ ಹೋಗತ್ತೆ. ಪ್ರತಿ ಮಾರಾಟದಲ್ಲೂ ನಿಮಗೊಂದು ಪಾಲು ಹೋಗತ್ತಲ್ಲ, ಅದಕ್ಕೇ ಏನೋ ನಿಮಗೆ ಕುಂಟು ಕಾಣ್ತಿಲ್ಲ.

ಏನು ಬೇಕು ಅಂತ ಬರೀಬೇಕಲ್ವಾ ದೂರು ಪತ್ರದಲ್ಲಿ, ಬರೀತೀನಿ. ನನ್ನ ಪ್ಯಾಕ್ ಮೊದಲ ದಿನಾಂಕದ ಜೊತೆ ವಾಪಸ್ ಬರ್ಬೇಕು, ನೀಲಿ ಪ್ಯಾಕ್ ಹೋಗ್ಬೇಕು, ಕ್ರೆಡಿಟ್ ಫೈಲ್‌ನಲ್ಲಿದ್ದ ಮೂರೂ ಜನದ ಹೆಸರು ಪ್ಯಾಕ್ ಪೇಜಲ್ಲೇ ಕಾಣ್ಬೇಕು, ಜಿಪ್ ಒಳಗೆ ಹೂತು ಹೋಗ್ಬಾರ್ದು. ಮೂರು ದಿನ ಕೊಡ್ತೀನಿ. ನೀವು ಮಾಡಲ್ಲ ಅಂತ ಗೊತ್ತು, ಎಂಟನೇ ಟಿಕೆಟ್ ಕೊಟ್ಟು 'ನಿಮ್ಮ ತಾಳ್ಮೆಗೆ ಧನ್ಯವಾದ' ಅಂತೀರ.

ಹಾಗಾಗಿ ಕೇಳಿ. ನಾಲ್ಕನೇ ದಿನ ನಾನೇ ಗೇಮ್ ಕಂಪನಿಯ ಕಾನೂನು ವಿಭಾಗಕ್ಕೆ ಬರೀತೀನಿ. ನೀಲಿ ಕಾವಲುಗಾರನ ಲಿಂಕ್ ಒಂದೇ ಅಲ್ಲ, ಅವ್ರ ಪಾತ್ರಗಳಿಗೆ ಬೆಲೆ ಹಾಕಿ ನಿಮ್ಮಲ್ಲಿ ಮಾರ್ತಿರೋ ಪ್ಯಾಕ್‌ಗಳನ್ನೆಲ್ಲಾ ಪಟ್ಟಿ ಮಾಡಿದೀನಿ, ನಿನ್ನೆವರೆಗೆ 63 ಆಗಿದೆ, ಒಂದೊಂದರ ಜೊತೆಗೂ ನಿಮ್ಮ ಪಾಲಿನ ನಿಯಮದ ಸ್ಕ್ರೀನ್‌ಶಾಟ್ ಇದೆ. ಎಡಿಟ್ ಮಾಡಿರ್ಬಹುದು ಅನ್ಸಿದ್ರೆ ಅವ್ರು ನಿಮ್ಮ ಸೈಟೇ ತೆಗ್ದು ನೋಡ್ಕೊಳ್ತಾರೆ, ಅವ್ರ ಹತ್ರ ಫೈಲ್ ತೆರೆಯೋ ಜನ ಇದಾರೆ. ಹಾಗೆ ಬರೆದ್ರೆ ನನ್ನ ಕೆಂಪು ಕಾವಲುಗಾರನೂ ಅವ್ರ ಕಣ್ಣಿಗೆ ಬೀಳ್ತಾನೆ, ಅವನನ್ನೂ ತೆಗ್ಸಬಹುದು. ತೆಗ್ಸಲಿ. ಅವನ ಮೇಲೆ ನಿಜವಾದ ಹಕ್ಕಿರೋರು ತೆಗ್ದ್ರೆ ನಂಗೆ ಬೇಜಾರಿಲ್ಲ. ನಿಮ್ಮ ಸರ್ವರ್‌ನಲ್ಲಿ ಕುಂಟ್ತಾ ಮಾರಾಟ ಆಗೋದಕ್ಕಿಂತ ಅವನು ಮತ್ತೆ ಬಾಗಿಲ ಹತ್ರ ಕಣ್ಣು ಮುಚ್ಚಿ ತೆಗೀತಾ ನಿಂತಿರ್ಲಿ.

ಇಂತಿ,
ಡಿಯರ್ ಯೂಸರ್
(ಸರ್ ಅಲ್ಲ, ಮೇಡಂ. ನನ್ನ ವಿಳಾಸ ಬೇಕಿದ್ರೆ ನಿಮ್ಮ ಮಾರಾಟಗಾರರನ್ನ ಕೇಳಿ.)