ಪುಟ್ಟಿಗೆ, ಬೆಳ್ಳಿ ಚಮಚಗಳ ವಿಷಯ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಫೋಟೊಗಳನ್ನು ನಿನ್ನೆ ರಾತ್ರಿ ದೊಡ್ಡದು ಮಾಡಿ ಮಾಡಿ ನೋಡಿದೆ. ಎಸ್ಟೇಟ್ ಸೇಲ್‌ನಲ್ಲಿ, ಅಂದರೆ ಒಂದು ಮನೆಯ ಹಳೇ ಸಾಮಾನೆಲ್ಲ ಮಾರುವಲ್ಲಿ, ಸಿಕ್ಕಿದ ಮರದ ಪೆಟ್ಟಿಗೆ, ಒಳಗೆ ನೀಲಿ ಬಟ್ಟೆ, ಸಾಲಾಗಿ ಚಮಚ, ಫೋರ್ಕು, ಚಾಕು. ನಮ್ಮ ಮನೆಯಲ್ಲಿ ನನ್ನ ಬಿಟ್ಟರೆ ಇನ್ನೊಬ್ಬಳಿಗೆ ಈ ಹುಚ್ಚು ಹತ್ತಿತಲ್ಲ ಅಂತ ತುಂಬಾ ಖುಷಿಯಾಯಿತು. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. "ಹಿಂದೆ 1847 ಅಂತ ಒತ್ತಿದ್ದಾರೆ ದೊಡ್ಡಮ್ಮ, ಅಷ್ಟು ಹಳೇ ಬೆಳ್ಳಿ" ಅಂತ ಬರೆದಿದ್ದೀಯ. ಅದು ಮಾಡಿದ ವರ್ಷ ಅಲ್ಲ ಮಗಳೇ. ಬೆಳ್ಳಿಯೂ ಅಲ್ಲ, ಬೆಳ್ಳಿಯ ಲೇಪ.

"1847 ರಾಜರ್ಸ್ ಬ್ರದರ್ಸ್" ಅನ್ನುವುದು ಪೂರ್ತಿ ಒಂದು ಬ್ರಾಂಡಿನ ಹೆಸರು. ಅಮೆರಿಕದಲ್ಲಿ ನೀನಿರುವ ಹಾರ್ಟ್‌ಫರ್ಡ್ ಊರಿನಲ್ಲೇ ರಾಜರ್ಸ್ ಅಣ್ಣತಮ್ಮಂದಿರು ಆ ವರ್ಷ ವಿದ್ಯುತ್ತಿನಿಂದ ಬೆಳ್ಳಿ ಲೇಪ ಕೊಡುವ ಕೆಲಸ ಶುರು ಮಾಡಿದರು. ಆಮೇಲೆ ಆ ಹೆಸರು ಮೆರಿಡೆನ್ ಊರಿನ ಕಾರ್ಖಾನೆಗೆ ಹೋಯಿತು. 1898ರಲ್ಲಿ ಆ ಕಾರ್ಖಾನೆ ಇಂಟರ್‌ನ್ಯಾಷನಲ್ ಸಿಲ್ವರ್ ಕಂಪನಿಯ ಭಾಗವಾಯಿತು. ಅದೇ ಮುದ್ರೆ 20ನೇ ಶತಮಾನದಲ್ಲೂ ಬೀಳುತ್ತಲೇ ಇತ್ತು. ಪ್ಯಾಟೆಂಟ್ ವರ್ಷದ ಕಥೆಯೂ ಹೀಗೇ. ಹಿಡಿಯ ಹಿಂದೆ 1895 ಅಂತಿದ್ದರೆ ಆ ವಿನ್ಯಾಸಕ್ಕೆ ಪ್ಯಾಟೆಂಟ್ ಸಿಕ್ಕ ವರ್ಷ ಅದು. ನಿನ್ನ ಕೈಯಲ್ಲಿರುವ ಚಮಚ ಅದಾಗಿ ಎಷ್ಟೋ ವರ್ಷದ ಮೇಲೆ ತಯಾರಾಗಿರಬಹುದು.

ಬೇಜಾರು ಮಾಡಿಕೊಳ್ಳಬೇಡ. ಆ ಪೆಟ್ಟಿಗೆ ಕೆಟ್ಟದ್ದಲ್ಲ. ದಿನಾ ಊಟಕ್ಕೆ ಬಳಸು. ಕೊಟ್ಟ ದುಡ್ಡಿಗೆ ಮೋಸವಿಲ್ಲ. ಮುಂದಿನ ಸಲ ಮಾತ್ರ ಕೊಳ್ಳುವ ಮುಂಚೆ ಹಿಂಬದಿಯನ್ನು ಓದು. ನಾನು ನಿನಗೆ ಹೇಳಬೇಕಾದ್ದು ಮುಖ್ಯವಾಗಿ ಅಷ್ಟೇ. ಬೆಳ್ಳಿಯನ್ನು ತೂಗುವ ಮೊದಲು ಓದಬೇಕು.

ಇಂಗ್ಲೆಂಡಿನ ಬೆಳ್ಳಿಯ ಮೇಲೆ ವರ್ಷ ತಿಳಿಸುವ ಅಕ್ಷರ, ಪರೀಕ್ಷೆ ಮಾಡಿದ ಊರಿನ ಗುರುತು ಎಲ್ಲಾ ಇರುತ್ತವೆ. ಅಮೆರಿಕದಲ್ಲಿ ಇಡೀ ದೇಶಕ್ಕೆ ಅಂಥ ವ್ಯವಸ್ಥೆ ಬರಲಿಲ್ಲ. ಇಲ್ಲಿ ನಮಗೆ ಮುಖ್ಯವಾಗಿ ಸಿಗುವುದು ತಯಾರಕರ ಗುರುತು ಮತ್ತು "ಸ್ಟರ್ಲಿಂಗ್" ಅನ್ನುವ ಪದ. ಸ್ಟರ್ಲಿಂಗ್ ಅಂದರೆ 1000ಕ್ಕೆ 925 ಪಾಲು ಬೆಳ್ಳಿ, ಉಳಿದದ್ದು ಹೆಚ್ಚಾಗಿ ತಾಮ್ರ. ಪ್ರಾವಿಡೆನ್ಸ್‌ನ ಗೋರಮ್ ಕಂಪನಿಯವರು 1868ರಲ್ಲಿ ಈ ಮಟ್ಟಕ್ಕೆ ಬಂದರು. ಅವರ ಗುರುತು ಸಿಂಹ, ಲಂಗರು, ಜಿ ಅಕ್ಷರ. ಅದನ್ನು ಕಣ್ಣಿಗೆ ರೂಢಿ ಮಾಡಿಕೋ, ಎಲ್ಲೆಲ್ಲೂ ಸಿಗುತ್ತದೆ. ಅದಕ್ಕೂ ಹಿಂದಿನದು "ಕಾಯಿನ್ ಸಿಲ್ವರ್", ಹೆಚ್ಚುಕಡಿಮೆ 1000ಕ್ಕೆ 900 ಪಾಲು. ಅಕ್ಕಸಾಲಿಗರು ಬೆಳ್ಳಿ ನಾಣ್ಯಗಳನ್ನೇ ಕರಗಿಸಿ ಚಮಚ ಬಡಿಯುತ್ತಿದ್ದರು, ಅದಕ್ಕೇ ಆ ಹೆಸರು. ಇವು ತೆಳ್ಳಗೆ, ಹಗುರ. ಸುಮಾರು 1800ರ ಆಸುಪಾಸಿನ ಕೆಲವು ಚಮಚಗಳ ಹಿಡಿಯ ತುದಿ ಶವಪೆಟ್ಟಿಗೆಯ ಆಕಾರಕ್ಕೆ ಕತ್ತರಿಸಿದ ಹಾಗಿರುತ್ತದೆ. ಅಂಥದ್ದು ಕಂಡರೆ ನನಗೆ ತಕ್ಷಣ ಫೋನ್ ಮಾಡು.

"ಟ್ರಿಪಲ್ ಪ್ಲೇಟ್", "ಕ್ವಾಡ್ರುಪಲ್ ಪ್ಲೇಟ್", "ಎ1" ಅಂತಿದ್ದರೆ ಲೇಪ. "ಜರ್ಮನ್ ಸಿಲ್ವರ್" ಗೊತ್ತಲ್ವಾ, ಬೆಂಗಳೂರಿನ ಅಂಗಡಿಗಳಲ್ಲಿ ಅರಿಶಿನ ಕುಂಕುಮದ ಬಟ್ಟಲು ಮಾರುತ್ತಾರಲ್ಲ. ತಾಮ್ರ, ನಿಕ್ಕಲ್, ಸತು ಸೇರಿಸಿದ ಲೋಹದ ಹೆಸರು ಅದು. ಅದರಲ್ಲಿ ಬೆಳ್ಳಿಯೇ ಇಲ್ಲ. ಇಲ್ಲೂ ಅದೇ ಹೆಸರಿನಲ್ಲಿ ಸಿಗುತ್ತದೆ.

ಈಗ ಹೆಸರಿನ ಅಕ್ಷರಗಳ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಓದು.

ಹಳೆಯ ಚಮಚ, ಫೋರ್ಕುಗಳ ಹಿಡಿಯ ಮೇಲೆ ಒಂದೋ ಮೂರೋ ಅಕ್ಷರ ಕೆತ್ತಿರುತ್ತಾರೆ. ಮಾನೊಗ್ರಾಮ್ ಅನ್ನುತ್ತಾರೆ. ಬೇರೆಯವರ ಹೆಸರು ತಮ್ಮ ಮೇಜಿನ ಮೇಲೆ ಯಾಕೆ ಅಂತ ತುಂಬಾ ಜನ ಅದನ್ನು ಬಿಟ್ಟು ಹೋಗುತ್ತಾರೆ, ಹಾಗಾಗಿ ಬೆಲೆ ಕಮ್ಮಿ. ನಾನು ಈ ದೇಶಕ್ಕೆ ಬಂದ ಹೊಸತರಲ್ಲಿ ಆರು ಕಾಯಿನ್ ಸಿಲ್ವರ್ ಟೀ ಚಮಚ ಕೊಂಡಿದ್ದೆ. ಮೊದಲ ಸಂಪಾದನೆಯಲ್ಲಿ ಕೊಂಡದ್ದು. ಒಂದೊಂದರ ಮೇಲೂ ಬಳ್ಳಿಯಂಥ ಎರಡು ಅಕ್ಷರ. ಅವನ್ನು ಅಳಿಸಿಬಿಡಿ ಅಂತ ಒಂದು ಅಂಗಡಿಗೆ ಕೊಟ್ಟೆ. ಅವರು ಬೇಡ ಅನ್ನಲಿಲ್ಲ, ಉಜ್ಜಿ ಕೊಟ್ಟರು. ಮನೆಗೆ ತಂದು ಬೆಳಕಿಗೆ ಹಿಡಿದರೆ ಅಕ್ಷರವಿದ್ದ ಜಾಗ ತಗ್ಗು ಬಿದ್ದಿತ್ತು. ತಿಂಗಳೊಳಗೆ ಎರಡು ಚಮಚ ಅಲ್ಲೇ ಬಾಗಿದವು.

ಆಮೇಲೆ ಊರಿಗೆ ಹೋದಾಗ ನಮ್ಮಮ್ಮ, ನಿನ್ನ ಅಜ್ಜಿ, ಅಟ್ಟದಿಂದ ಒಂದು ಹಿತ್ತಾಳೆ ಚೊಂಬು ತೆಗೆದಳು. ಅದರ ಕೊರಳಲ್ಲಿ ಅವಳ ಅಜ್ಜಿಯ ಹೆಸರು, ಮದುವೆಯ ತಾರೀಖು, ಚುಕ್ಕಿ ಚುಕ್ಕಿಯಾಗಿ ಒತ್ತಿದ್ದು. ನಮ್ಮ ಮನೆಗಳಲ್ಲಿ ಪಾತ್ರೆಗೆ ಹೆಸರು ಹಾಕಿಸುವುದು ಎಷ್ಟು ದೊಡ್ಡ ವಿಷಯ, ಅಲ್ವಾ? ಆ ಹೆಸರನ್ನು ಯಾರಾದರೂ ಉಜ್ಜಿ ತೆಗೆದರೆ ನನಗೆ ಹೇಗಾಗುತ್ತಿತ್ತು ಅಂತ ಅಲ್ಲೇ ನಿಂತು ಯೋಚಿಸಿದೆ. ಇಲ್ಲೂ 19ನೇ ಶತಮಾನದಲ್ಲಿ ಮದುವೆಯ ಬೆಳ್ಳಿಯ ಮೇಲೆ ಹೆಣ್ಣಿನ ತವರಿನ ಹೆಸರಿನ ಅಕ್ಷರಗಳನ್ನೇ ಕೆತ್ತಿಸುವ ರೂಢಿಯಿತ್ತು. ನಾನು ಅಳಿಸಿದ್ದು ಒಬ್ಬಳ ತವರಿನ ಗುರುತಾಗಿದ್ದಿರಬಹುದು. ಅವಳು ಯಾರು ಅಂತ ಈಗ ತಿಳಿಯುವ ದಾರಿಯೇ ಇಲ್ಲ. ಆ ಚಮಚಗಳನ್ನು ಇವತ್ತಿಗೂ ಇಟ್ಟುಕೊಂಡಿದ್ದೇನೆ.

ಅದಕ್ಕೇ ಹೇಳುತ್ತೇನೆ, ಅಕ್ಷರ ಇರುವುದನ್ನೇ ಕೊಂಡುಕೋ. ದುಡ್ಡೂ ಉಳಿಯುತ್ತದೆ. ಖಾಲಿ ಇರುವುದನ್ನು ಕೊಳ್ಳುವಾಗ ಹಿಡಿಯ ಮೇಲೆ ಬಾಯಿಂದ ಉಸಿರು ಬಿಡು. ಅಳಿಸಿದ ಅಕ್ಷರದ ನೆರಳು ಕೆಲವು ಸಲ ಆ ಮಂಜಿನಲ್ಲಿ ಕಾಣುತ್ತದೆ. ಬೆರಳಿಂದ ಎರಡೂ ಕಡೆ ಹಿಡಿದು ದಪ್ಪ ನೋಡು.

ಬಡಿಸುವ ಚಮಚ, ಫೋರ್ಕುಗಳ ಬಗ್ಗೆ ಕೇಳಿದ್ದೀಯ. ನನಗೆ ತುಂಬಾ ಇಷ್ಟದ ವಿಷಯ. ನೆವಾಡದ ಕಾಮ್‌ಸ್ಟಾಕ್ ಗಣಿಯ ಬೆಳ್ಳಿ ಸಿಕ್ಕಿದ್ದು 1859ರಲ್ಲಿ. ಆಮೇಲಿನ ದಶಕಗಳಲ್ಲಿ ಬೆಳ್ಳಿ ಅಗ್ಗವಾಯಿತು, ಹೊಸ ಯಂತ್ರಗಳು ಬಂದವು, ರೈಲಿನಲ್ಲಿ ದೂರದ ಹಣ್ಣು ತರಕಾರಿ ಮೇಜಿಗೆ ಬಂತು. ಒಂದೊಂದು ತಿಂಡಿಗೂ ಒಂದೊಂದು ಸಲಕರಣೆ ಮಾಡಿದರು. ಸಾರ್ಡೀನ್ ಮೀನಿಗೆ ಅಗಲ ಫೋರ್ಕು. ಟೊಮೆಟೊ ಹೋಳಿಗೆ ತೂತಿನ ದುಂಡು ಸರ್ವರ್. ಸಾರಟೋಗ ಚಿಪ್ಸ್‌ಗೆ, ಅಂದರೆ ನಮ್ಮ ಆಲೂ ಚಿಪ್ಸ್‌ಗೆ, ಬೇರೆಯೇ ಸರ್ವರ್. ಮಾವಿನ ಹಣ್ಣಿಗೂ ಫೋರ್ಕಿದೆ ಪುಟ್ಟಿ! ನಡುವಿನ ಹಲ್ಲು ಉದ್ದ, ಅದು ಓಟೆಯನ್ನು ಚುಚ್ಚಿ ಹಿಡಿಯುವುದಕ್ಕೆ. ಕೆಲವು ವಿನ್ಯಾಸಗಳಲ್ಲಿ ನೂರಕ್ಕೂ ಹೆಚ್ಚು ಬಗೆಯ ತುಂಡುಗಳಿದ್ದವು. ಕೊನೆಗೆ 1925ರಲ್ಲಿ ಹರ್ಬರ್ಟ್ ಹೂವರ್ ವಾಣಿಜ್ಯ ಮಂತ್ರಿಯಾಗಿದ್ದಾಗ, ಹೊಸ ವಿನ್ಯಾಸಕ್ಕೆ 55 ಬಗೆ ಸಾಕು ಅಂತ ತಯಾರಕರು ಒಪ್ಪಿಕೊಂಡರು.

ಇವನ್ನು ಗಾಜಿನ ಬೀರುವಿನಲ್ಲಿ ಇಡಬೇಡ. ನಮ್ಮ ಮನೆಯಲ್ಲಿ ಟೊಮೆಟೊ ಸರ್ವರ್‌ನಲ್ಲಿ ಚಿರೋಟಿ ಎತ್ತುತ್ತೇವೆ. ಚಿಪ್ಸ್ ಸರ್ವರ್‌ನಲ್ಲಿ ಸಂಡಿಗೆ. ಗ್ರೇವಿಯ ಸೌಟಿನಲ್ಲಿ ತುಪ್ಪ. ಹಣ್ಣಿಗೆ ಅಂತ ಮಾಡಿದ ದೊಡ್ಡ ಬೆರ್ರಿ ಸ್ಪೂನ್‌ನಲ್ಲಿ ಪಾಯಸ ಬಡಿಸಿದರೆ ಎಷ್ಟು ಚೆನ್ನಾಗಿರುತ್ತದೆ ಗೊತ್ತಾ!

ಮೋಸ ಜಾಸ್ತಿ ಇರುವುದೂ ಇಲ್ಲೇ. ಟೀ ಚಮಚಕ್ಕೆ ಹಲ್ಲು ಕತ್ತರಿಸಿ ಐಸ್‌ಕ್ರೀಮ್ ಫೋರ್ಕು ಅಂತ ಮಾರುತ್ತಾರೆ. ಸಾದಾ ದೊಡ್ಡ ಚಮಚಕ್ಕೆ ತೂತು ಕೊರೆದು ಇನ್ನೇನೋ ಹೆಸರಿಡುತ್ತಾರೆ. ಕತ್ತರಿಸಿದ ಅಂಚು ಬೆರಳಿಗೆ ಚುರುಕಾಗಿ ಹತ್ತುತ್ತದೆ. ಹಳೆಯ ಅಂಚು ನುಣ್ಣಗಿರುತ್ತದೆ.

ಒಂದೇ ವಿನ್ಯಾಸ ಹಿಡಿದು ಶುರು ಮಾಡು. ಗೋರಮ್‌ನ ಶಾಂಟಿಲಿ ನಿನಗೆ ಸರಿಹೋಗುತ್ತದೆ. ವಿಲಿಯಂ ಕಾಡ್ಮನ್ ಮಾಡಿದ್ದು, 1895ರದು, ಲಕ್ಷಣವಾಗಿದೆ, ಬೇಕಾದಷ್ಟು ಸಿಗುತ್ತದೆ. ಟಾಂಟನ್‌ನ ರೀಡ್ ಅಂಡ್ ಬಾರ್ಟನ್‌ನವರ ಫ್ರಾನ್ಸಿಸ್ ಫಸ್ಟ್, 1907ರದು, ಹಣ್ಣಿನ ಗೊಂಚಲುಗಳಿಂದ ತುಂಬಿದೆ. ನನಗೆ ಅದು ಸ್ವಲ್ಪ ಜಾಸ್ತಿಯಾಯಿತು ಅನ್ನಿಸುತ್ತದೆ. ನಿನ್ನ ಅಮ್ಮನಿಗೆ ಮಾತ್ರ ಅದೇ ಇಷ್ಟ. ಕೊಳ್ಳುವ ಮುಂಚೆ ಒಂದು ದಿನ ಪ್ರಾವಿಡೆನ್ಸ್‌ಗೆ ಹೋಗಿ ರೋಡ್ ಐಲೆಂಡ್ ಸ್ಕೂಲ್ ಆಫ್ ಡಿಸೈನ್‌ನ ಮ್ಯೂಸಿಯಂ ನೋಡಿ ಬಾ. ಗೋರಮ್ ಬೆಳ್ಳಿಯ ಒಳ್ಳೇ ಸಂಗ್ರಹ ಅಲ್ಲಿದೆ. ಒಳ್ಳೇದು ನೋಡಿದ ಕಣ್ಣಿಗೆ ಸಾಮಾನ್ಯದ್ದು ತಾನಾಗಿ ಗೊತ್ತಾಗುತ್ತದೆ.

ತೂಕದ ಮಾತು ಬಂದಾಗ ಚಾಕುಗಳನ್ನು ಪಕ್ಕಕ್ಕಿಡು. ಅವುಗಳ ಹಿಡಿ ಟೊಳ್ಳು. ಒಳಗೆ ಅಂಟು ತುಂಬಿರುತ್ತಾರೆ, ಅಲಗು ಉಕ್ಕಿನದು. ಭಾರ ಬಂತು ಅಂತ ಬೆಳ್ಳಿಯ ಲೆಕ್ಕ ಹಾಕಬಾರದು. ಬೆಳ್ಳಿಯ ಲೆಕ್ಕ ಟ್ರಾಯ್ ಔನ್ಸಿನಲ್ಲಿ, ಒಂದಕ್ಕೆ 31.1 ಗ್ರಾಂ.

1980ರ ಜನವರಿಯಲ್ಲಿ ಔನ್ಸಿನ ಬೆಲೆ ಸುಮಾರು 50 ಡಾಲರ್ ತನಕ ಏರಿತ್ತು. ಟೆಕ್ಸಾಸ್‌ನ ಹಂಟ್ ಸಹೋದರರು ಬೆಳ್ಳಿಯನ್ನು ರಾಶಿ ರಾಶಿ ಕೊಂಡಿದ್ದರು. ಆಗ ಜನ ಮನೆಮನೆಯ ಬೆಳ್ಳಿ ತಂದು ಮಾರಿದರು. ಎಷ್ಟೋ ಚೆಂದದ ಚಮಚಗಳು ಕುಲುಮೆಗೆ ಹೋದವು. ಬೆಲೆ ಏರಿದಾಗಲೆಲ್ಲ ಇದು ಆಗುತ್ತದೆ. ನಿನಗೂ ಯಾರಾದರೂ "ಕರಗಿಸಿದರೆ ಇಷ್ಟು ಬರುತ್ತೆ" ಅಂತ ಲೆಕ್ಕ ಹೇಳುತ್ತಾರೆ. ಕಷ್ಟ ಬಂದರೆ ಮಾರು, ತಪ್ಪಿಲ್ಲ. ಆದರೆ ಇಟ್ಟುಕೊಳ್ಳುವವರಿಗೆ ಮಾರು, ಕರಗಿಸುವವರಿಗೆ ಬೇಡ.

ಇನ್ನು ನೋಡಿಕೊಳ್ಳುವುದು. ಡಿಶ್‌ವಾಷರ್‌ಗೆ ಹಾಕಲೇಬೇಡ, ಬಿಸಿಗೆ ಚಾಕುವಿನ ಹಿಡಿಯ ಅಂಟು ಬಿಡುತ್ತದೆ. ಕೈಯಲ್ಲಿ ತೊಳೆದು ಕೂಡಲೇ ಒರೆಸು. ಮೊಟ್ಟೆ, ಈರುಳ್ಳಿ, ರಬ್ಬರ್ ಬ್ಯಾಂಡ್ ಇವುಗಳಲ್ಲಿ ಗಂಧಕವಿದೆ, ಬೆಳ್ಳಿ ಕಪ್ಪಾಗುತ್ತದೆ. ಉಪ್ಪಿನಕಾಯಿಯಲ್ಲಿ ಚಮಚ ಬಿಟ್ಟು ಮರೆತರೆ ಉಪ್ಪು ತಿಂದುಹಾಕುತ್ತದೆ. ಅಮ್ಮ ಹಬ್ಬದ ಹಿಂದಿನ ದಿನ ವಿಭೂತಿ ಹಾಕಿ ದೀಪದ ಕಂಬ ಉಜ್ಜುತ್ತಿದ್ದಳು, ನಿನಗೂ ನೆನಪಿರಬೇಕು. ಈ ಕೆತ್ತನೆಗೆ ಅದು ಬೇಡ. ಬೆಳ್ಳಿಗಂತಲೇ ಸಿಗುವ ಪಾಲಿಷ್, ಮೆತ್ತನೆ ಹತ್ತಿ, ವರ್ಷಕ್ಕೆ ಒಂದೆರಡು ಸಲ ಸಾಕು. ಪ್ರತಿ ಸಲ ಉಜ್ಜಿದಾಗಲೂ ಸ್ವಲ್ಪ ಬೆಳ್ಳಿ ಹೋಗುತ್ತದೆ. ಅಲ್ಯೂಮಿನಿಯಂ ಹಾಳೆ, ಅಡಿಗೆ ಸೋಡಾ ಹಾಕಿದ ಬಿಸಿನೀರಲ್ಲಿ ಮುಳುಗಿಸುವುದನ್ನು ವಿಡಿಯೊಗಳಲ್ಲಿ ನೋಡಿರುತ್ತೀಯ. ಹೂವಿನ ಗೆರೆಗಳ ಸಂದಿಯಲ್ಲಿರುವ ಕಪ್ಪೂ ಅದರಲ್ಲಿ ಹೋಗಿಬಿಡುತ್ತದೆ. ಆ ಕಪ್ಪು ಇದ್ದರೇ ಹೂವು ಕಾಣುವುದು.

ಸೆಪ್ಟೆಂಬರ್‌ನಲ್ಲಿ ಬ್ರಿಮ್‌ಫೀಲ್ಡ್ ಊರಿನ ಹಳೇ ಸಾಮಾನಿನ ಸಂತೆಗೆ ಹೋಗೋಣ. ಬೆಳಗಾಗುವ ಮುಂಚೆ ಹೊರಡಬೇಕು. ಹತ್ತು ಪಟ್ಟು ದೊಡ್ಡದು ತೋರಿಸುವ ಭೂತಗನ್ನಡಿ ಒಂದು ತಂದುಕೋ. ತಿಂಡಿ ನಾನು ಕಟ್ಟಿ ತರುತ್ತೇನೆ. ಬಾಗಿದ ಆ ಎರಡು ಚಮಚಗಳನ್ನೂ ತರುತ್ತೇನೆ. ಅಳಿಸಿದ ಜಾಗ ಕೈಗೆ ಹೇಗೆ ಸಿಗುತ್ತದೆ ಅಂತ ನೀನು ಮುಟ್ಟಿಯೇ ನೋಡಬೇಕು.

ಪ್ರೀತಿಯಿಂದ,
ನಿನ್ನ ದೊಡ್ಡಮ್ಮ