ಮ್ಯೂಸಿಯಂ ಮುನ್ನಡೆಸಲು ಕಮ್ಯುನಿಟಿ ಕಾಲೇಜಿನಿಂದಲೂ ದಾರಿಯಿದೆ

ಮಾನ್ಯರೆ,

ವಿದೇಶ ವ್ಯಾಸಂಗ ಎಂದರೆ ನಮ್ಮ ಪತ್ರಿಕೆಗಳಲ್ಲಿ ಎಂಜಿನಿಯರಿಂಗ್, ಎಂಬಿಎ ಮಾತೇ ಹೆಚ್ಚು. ಅಮೆರಿಕದ ಎರಡು ವರ್ಷದ ಕಮ್ಯುನಿಟಿ ಕಾಲೇಜು ಬೇರೆಲ್ಲೂ ಸೀಟು ಸಿಗದವರಿಗೆ ಎಂಬ ತಾತ್ಸಾರ ಅಲ್ಲಿ ನೆಲೆಸಿದ ಕನ್ನಡ ಕುಟುಂಬಗಳಲ್ಲೂ ಇದೆ. ಮ್ಯೂಸಿಯಂ ಕ್ಷೇತ್ರಕ್ಕೆ ಹೋಗಬಯಸುವ ಮಕ್ಕಳಿಗೆ ಇದರಿಂದ ನಿಜವಾದ ನಷ್ಟವಾಗುತ್ತಿದೆ.

ಮ್ಯೂಸಿಯಂ ನಿರ್ದೇಶಕರಿಗೆ ಕಲಾ ಇತಿಹಾಸ ಗೊತ್ತಿದ್ದರೆ ಸಾಲದು. ಬಜೆಟ್ ಹಾಕಬೇಕು, ದೇಣಿಗೆ ತರಬೇಕು, ಅನುದಾನಕ್ಕೆ ಅರ್ಜಿ ಬರೆಯಬೇಕು, ಟ್ರಸ್ಟಿಗಳಿಗೆ ಲೆಕ್ಕ ಒಪ್ಪಿಸಬೇಕು. ಅಕೌಂಟಿಂಗ್, ಭಾಷಣ ಕಲೆ, ಸ್ಪ್ಯಾನಿಷ್ ಎಲ್ಲವನ್ನೂ ಕಮ್ಯುನಿಟಿ ಕಾಲೇಜಿನಲ್ಲಿ ಕಲಾ ಇತಿಹಾಸದ ಜೊತೆಗೇ ಓದಬಹುದು. ಕಲಾಕೃತಿಗಳ ಸಂರಕ್ಷಣೆಯತ್ತ ಒಲವಿದ್ದರೆ ರಸಾಯನಶಾಸ್ತ್ರವನ್ನು, ಅದರಲ್ಲೂ ಆರ್ಗ್ಯಾನಿಕ್ ಕೆಮಿಸ್ಟ್ರಿಯನ್ನು, ಇಲ್ಲೇ ಶುರು ಮಾಡಬೇಕು. ಅದಿಲ್ಲದೆ ಮುಂದೆ ಸಂರಕ್ಷಣೆಯ ಸ್ನಾತಕೋತ್ತರ ಸೀಟು ಸಿಗುವುದು ಕಷ್ಟ.

ಕೆಲವು ಕಾಲೇಜುಗಳ ಆವರಣದಲ್ಲೇ ಮ್ಯೂಸಿಯಂ ಇದೆ. ಕ್ಯಾಲಿಫೋರ್ನಿಯಾದ ಕುಪರ್ಟಿನೊದಲ್ಲಿರುವ ಡಿ ಆನ್ಜಾ ಕಾಲೇಜಿನಲ್ಲಿ ಯೂಫ್ರಾಟ್, ಕ್ಯಾನ್ಸಸ್‌ನ ಜಾನ್ಸನ್ ಕೌಂಟಿ ಕಾಲೇಜಿನಲ್ಲಿ 2007ರಲ್ಲಿ ತೆರೆದ ನರ್ಮನ್. ಸಿಬ್ಬಂದಿ ಕಡಿಮೆ ಇರುವ ಇಂಥ ಜಾಗದಲ್ಲಿ ವಿದ್ಯಾರ್ಥಿ ಕೇಳಿಕೊಂಡರೆ ಕೈಗೆ ಕೆಲಸ ಬರುತ್ತದೆ. ವಸ್ತುವಿಗೆ ದಾಖಲೆ ಸಂಖ್ಯೆ ಕೊಡುವುದನ್ನು ಮೊದಲು ಕಲಿಯಬೇಕು: 2024.15.3 ಎಂದರೆ 2024ರಲ್ಲಿ ಬಂದ ಹದಿನೈದನೆಯ ಸೇರ್ಪಡೆಯ ಮೂರನೆಯ ವಸ್ತು. ಎರವಲು ಬಂದ ಚಿತ್ರವನ್ನು ಬಿಚ್ಚಿದ ಕೂಡಲೇ ಅದರ ಸ್ಥಿತಿ ವರದಿ ಬರೆಯಬೇಕು. ಬಿರುಕು, ಕಲೆ ಯಾವ ಮೂಲೆಯಿಂದ ಎಷ್ಟು ಸೆಂಟಿಮೀಟರ್ ದೂರದಲ್ಲಿದೆ ಎಂದು ನಮೂದಿಸದಿದ್ದರೆ, ವಾಪಸ್ ಕಳಿಸುವಾಗ ಹಾನಿ ಯಾರದ್ದೆಂಬ ಜಗಳಕ್ಕೆ ಉತ್ತರವಿರುವುದಿಲ್ಲ. ಬಟ್ಟೆ, ಕಾಗದಕ್ಕೆ ಬೀಳುವ ಬೆಳಕು 50 ಲಕ್ಸ್ (ಬೆಳಕಿನ ಪ್ರಮಾಣ ಅಳೆಯುವ ಮಾನ) ಆಸುಪಾಸಿನಲ್ಲಿರಬೇಕು, ಏಕೆಂದರೆ ಒಮ್ಮೆ ಮಾಸಿದ ಬಣ್ಣ ಮರಳುವುದಿಲ್ಲ. ತೇವಾಂಶ ಪದೇ ಪದೇ ಏರಿಳಿದರೆ ಮರ ಹಿಗ್ಗಿ ಕುಗ್ಗಿ ಮೇಲಿನ ಬಣ್ಣದ ಪದರ ಉದುರುತ್ತದೆ. ಇವನ್ನು ಕೈಯಾರೆ ಮಾಡಿದವರು ಮುಂದೆ ನಿರ್ದೇಶಕರಾದಾಗ ದಾಸ್ತಾನು ಕೋಣೆಯ ಹವಾನಿಯಂತ್ರಣದ ಖರ್ಚಿಗೆ ಸುಲಭವಾಗಿ ಕತ್ತರಿ ಹಾಕಲಾರರು.

ಹೆಚ್ಚಿನವರು ಎಡವುವುದು ಎರಡು ವರ್ಷ ಮುಗಿಸಿ, ಪದವಿ ಪೂರೈಸಲು ವಿಶ್ವವಿದ್ಯಾಲಯಕ್ಕೆ ವರ್ಗವಾಗುವ ಹಂತದಲ್ಲಿ. ಸಾಮಾನ್ಯವಾಗಿ 60 ಸೆಮಿಸ್ಟರ್ ಯೂನಿಟ್ (ಕೋರ್ಸುಗಳಿಗೆ ಸಿಗುವ ಕ್ರೆಡಿಟ್) ಬೇಕು. ವರ್ಷವನ್ನು ಸೆಮಿಸ್ಟರ್‌ಗಿಂತ ಚಿಕ್ಕ ಅವಧಿಗಳಾಗಿ ವಿಂಗಡಿಸುವ ಕ್ವಾರ್ಟರ್ ಪದ್ಧತಿಯ ಡಿ ಆನ್ಜಾದಂಥ ಕಡೆ ಅದು 90. ಯೂನಿಟ್‌ಗಳೆಲ್ಲ ಮಾನ್ಯವಾದರೂ ಮೇಜರ್ ವಿಷಯಕ್ಕೆ ಸೇರದೆ ಬರೀ ಐಚ್ಛಿಕವಾಗಿ ಉಳಿದರೆ, ದುಬಾರಿ ವಿಶ್ವವಿದ್ಯಾಲಯದಲ್ಲಿ ಮತ್ತೊಂದು ವರ್ಷ ಕೂರಬೇಕಾಗುತ್ತದೆ. ಹಾಗಾಗಿ ಮೊದಲ ಅವಧಿಯಲ್ಲೇ ಗುರಿಯ ವಿಶ್ವವಿದ್ಯಾಲಯವನ್ನು ಗೊತ್ತುಮಾಡಿಕೊಂಡು, ಕ್ಯಾಲಿಫೋರ್ನಿಯಾದವರಾದರೆ ಕಾಲೇಜಿನ ಯಾವ ಕೋರ್ಸು ವಿಶ್ವವಿದ್ಯಾಲಯದ ಯಾವ ಕೋರ್ಸಿಗೆ ಸಮ ಎಂದು ತೋರಿಸುವ 'ಅಸಿಸ್ಟ್' ಜಾಲತಾಣದಲ್ಲಿ ಒಂದೊಂದನ್ನೂ ತಾಳೆ ನೋಡಬೇಕು. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಆರು ಕ್ಯಾಂಪಸ್‌ಗಳು ಷರತ್ತು ಪೂರೈಸಿದವರಿಗೆ ಪ್ರವೇಶ ಖಾತರಿ ಕೊಡುತ್ತವೆ. ಬರ್ಕ್ಲಿ, ಲಾಸ್ ಏಂಜಲೀಸ್ ಆ ಪಟ್ಟಿಯಲ್ಲಿಲ್ಲ. ಖಾತರಿಯ ಅರ್ಜಿ ಸೆಪ್ಟೆಂಬರ್ ತಿಂಗಳಲ್ಲಿ ಮಾತ್ರ, ಅದೂ ಒಂದೇ ಕ್ಯಾಂಪಸ್‌ಗೆ.

ಕರ್ನಾಟಕದಿಂದ ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಹೋಗುವವರ ಲೆಕ್ಕ ಬೇರೆ. ಸ್ಥಳೀಯರಿಗಿಂತ ಶುಲ್ಕ ಹಲವು ಪಟ್ಟು, ಫೆಡರಲ್ ನೆರವೂ ಇಲ್ಲ. ತರಗತಿ ನಡೆಯುವಾಗ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆಯಷ್ಟೇ ದುಡಿಯಬಹುದು. ಹೊರಗಿನ ಮ್ಯೂಸಿಯಂನಲ್ಲಿ ಇಂಟರ್ನ್‌ಶಿಪ್ ಮಾಡುವುದಿದ್ದರೆ, ಸಂಬಳವಿಲ್ಲದಿದ್ದರೂ ಸರಿ, ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯನ್ನು ಮೊದಲು ಕೇಳಲೇಬೇಕು.

ಈ ಎರಡು ವರ್ಷಕ್ಕೇ ನಿರ್ದೇಶಕರ ಕುರ್ಚಿ ಸಿಗುವುದಿಲ್ಲ. ದೊಡ್ಡ ಮ್ಯೂಸಿಯಂಗಳು ಸಾಮಾನ್ಯವಾಗಿ ಸ್ನಾತಕೋತ್ತರ ಪದವಿ ಕೇಳುತ್ತವೆ. ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯ, ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್‌ಗಳಲ್ಲಿ ಇದಕ್ಕೆಂದೇ ಹಳೆಯ ಕೋರ್ಸುಗಳಿವೆ. ಕೌಂಟಿ ಮಟ್ಟದ ಸಣ್ಣ ಇತಿಹಾಸ ಮ್ಯೂಸಿಯಂಗಳಲ್ಲಿ ಒಬ್ಬಿಬ್ಬರೇ ಎಲ್ಲವನ್ನೂ ನಿಭಾಯಿಸುವುದರಿಂದ ಹೊಣೆ ಬೇಗ ಹೆಗಲೇರುತ್ತದೆ. ಅಲ್ಲಿಂದ ಶುರು ಮಾಡುವುದೇ ಒಳ್ಳೆಯದು.

ತಮ್ಮ ಶಿಕ್ಷಣ ಪುರವಣಿಯಲ್ಲಿ ಈ ದಾರಿಗೂ ಜಾಗ ಕೊಡಿ, ಖಾತರಿಯ ಅರ್ಜಿ ಹಾಕುವ ಸೆಪ್ಟೆಂಬರ್‌ಗೆ ಮೂರು ತಿಂಗಳು ಮುಂಚೆಯೇ ಕೊಡಿ ಎಂಬುದು ನಮ್ಮ ಕೋರಿಕೆ.

ಮ್ಯೂಸಿಯಂ ಕ್ಷೇತ್ರದ ಕನ್ನಡ ಓದುಗರು, ಕ್ಯಾಲಿಫೋರ್ನಿಯಾ