ಮಾಡಿನ ಲೆಕ್ಕ ಬಿಲ್ಲಿನಲ್ಲಿ ಬರೆದುಕೊಡಲಿ

ಮಾನ್ಯ ಸಂಪಾದಕರೇ,

ಆಷಾಢದ ಗಾಳಿ ಶುರುವಾಗುವ ಮುಂಚೆ ನಮ್ಮ ಮಂಡ್ಯ ಕಡೆ ಮನೆ ಮಾಡಿಗೆ ಹೊದಿಸುವ ಹೆಂಚು, ತಗಡಿನ ಶೀಟಿನ ಅಂಗಡಿಗಳಲ್ಲಿ ಒಳ್ಳೇ ವ್ಯಾಪಾರ. ಹೋದ ಕೂಡಲೇ ಕೇಳುವುದು ಒಂದೇ, ಮನೆ ಎಷ್ಟಕ್ಕೆಷ್ಟು ಅಂತ. ಇಪ್ಪತ್ತು-ಮೂವತ್ತು ಅಂದರೆ ಸಾಕು, ‘ಆರುನೂರಡಿ, ಒಂಬೈನೂರು ಹೆಂಚು ತಗೊಂಡೋಗಣ್ಣ, ಮಿಗ್ತದೆ’ ಅಂತ ಬಾಯಲ್ಲೇ ಲೆಕ್ಕ ಮುಗಿಸುತ್ತಾರೆ. ಮಿಗುವುದಿಲ್ಲ.

ಬೇಕಾದರೆ ನೀವೇ ಲೆಕ್ಕ ಹಾಕಿ. ಗೋಡೆಯಿಂದ ಆಚೆ ಸುತ್ತಲೂ ಒಂದೂವರೆ ಅಡಿ ಸೂರು ಬಿಟ್ಟರೆ ಅದು 23-33 ಆಯಿತು, ಅಂದರೆ ಅಲ್ಲಿಗೇ 759 ಚದರ ಅಡಿ. ಇದೂ ಮಟ್ಟಸ ಅಳತೆಯೇ. ಎರಡು ಕಡೆ ಇಳಿಯುವ ಮಾಡಿಗೆ 30 ಡಿಗ್ರಿ ಇಳಿಜಾರು ಕೊಟ್ಟು, ನೆತ್ತಿಯಿಂದ ಸೂರಿನ ತುದಿವರೆಗೆ ಟೇಪನ್ನು ಓರೆಯಾಗಿಯೇ ಹಿಡಿದರೆ 23ರಲ್ಲಿ ಅರ್ಧ, ಅಂದರೆ ಹನ್ನೊಂದೂವರೆ ಅಡಿ ಇದ್ದದ್ದು ಹದಿಮೂರೂಕಾಲು ಅಡಿ ಬರುತ್ತದೆ. ಎರಡೂ ಮಗ್ಗುಲು ಸೇರಿ ಸುಮಾರು 875 ಚದರ ಅಡಿ. ನೂರು ಚದರ ಅಡಿಗೆ ಮಂಗಳೂರು ಹೆಂಚು ಹೆಚ್ಚುಕಮ್ಮಿ 140 ಹಿಡಿಯುತ್ತದೆ. ಒಡೆಯುವುದಕ್ಕೆ ಅಂತ ನೂರಕ್ಕೆ ಐದು ಸೇರಿಸಿದರೆ 1,300ರ ಹತ್ತಿರ ಹೋಗುತ್ತದೆ, ನೆತ್ತಿಗೆ ಕೂರಿಸುವ ಹೆಂಚು ಬೇರೆ.

ಕಡಿಮೆ ಬಿದ್ದರೆ ಮತ್ತೆ ತಂದರಾಯಿತು ಅನ್ನುವ ಹಾಗೂ ಇಲ್ಲ. ನಮ್ಮ ಬೀದಿಯ ಒಂದು ಮನೆಗೆ ಎರಡನೇ ಸಲ ಬಂದದ್ದು ಬೇರೆ ಕಾರ್ಖಾನೆ ಮಾಲು. ನೋಡಲು ಹಾಗೇ ಇದೆ, ಆದರೆ ಹೆಂಚಿನ ಅಂಚಿಗೆ ಅಂಚು ಕೂರಲ್ಲ. ಹಳೇದು ಹೊಸದು ಸೇರುವ ಸಾಲಿನಲ್ಲಿ ಬೆರಳು ತೂರುವಷ್ಟು ಸಂದಿ, ಮಳೆ ಬಂದರೆ ಸೀದಾ ಅಡುಗೆಮನೆಗೆ ಸೋರುತ್ತದೆ.

ಶೀಟಿನದು ಇನ್ನೊಂದು ಕಥೆ. ಮೂರೂವರೆ ಅಡಿ ಅಗಲದ ಶೀಟು ಒಂದರ ಮೇಲೊಂದು ಹತ್ತಿಸಿದ ಮೇಲೆ ಮುಚ್ಚುವುದು ಮೂರೂಕಾಲು ಅಡಿ ಆಸುಪಾಸು, ದುಡ್ಡು ಮಾತ್ರ ಪೂರ್ತಿ ಅಗಲಕ್ಕೆ. ಅದು ನ್ಯಾಯವೇ ಬಿಡಿ, ಆದರೆ ಮೊದಲೇ ಹೇಳಬೇಕು ಅಲ್ವಾ? ದಪ್ಪ 0.5 ಮಿ.ಮೀ. ಅನ್ನುತ್ತಾರಲ್ಲ, ಅದು ಬಣ್ಣವೂ ಸೇರಿಯೋ ಬರೀ ತಗಡಿನದೋ ಅಂತ ಕೇಳಿದರೆ ಮುಖ ಮುಖ ನೋಡುತ್ತಾರೆ.

ಆದ್ದರಿಂದ ಅಂಗಡಿಯವರು ಬಿಲ್ಲಿನಲ್ಲೇ ಮುಚ್ಚುವ ಅಗಲ, ಬಣ್ಣ ಬಿಟ್ಟು ತಗಡಿನ ದಪ್ಪ, ನೂರು ಚದರ ಅಡಿಗೆ ಎಷ್ಟು ಹೆಂಚು ಅನ್ನುವುದನ್ನು ಬರೆದುಕೊಡಲಿ. ಅಳತೆ-ತೂಕದ ಇಲಾಖೆಯವರು ತಕ್ಕಡಿ ನೋಡಲು ಬಂದಾಗ ಈ ಅಂಗಡಿಗಳ ಕಡೆಗೂ ಒಂದು ಸಲ ತಲೆ ಹಾಕಲಿ. ಮಿಕ್ಕ ಹೆಂಚು ಒಡೆಯದೆ ಇದ್ದರೆ ವಾಪಸ್ ತಗೊಳ್ಳುವ ಮಾತನ್ನೂ ಅದೇ ಬಿಲ್ಲಿನಲ್ಲಿ ಸೇರಿಸಲಿ.

- ಒಬ್ಬ ಓದುಗ, ಮದ್ದೂರು ತಾಲ್ಲೂಕು